ಚಿರೆಕಲ್ಲಿನ ಅಡಿಯ ನೆಲ: ಉತ್ತರ ಕನ್ನಡದ ಭೂನಕ್ಷೆ ಬೆಳೆದ ಬಗೆ

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಹೊನ್ನಾವರ, ಗೋಕರ್ಣಗಳನ್ನು ಹಾದು ಘಟ್ಟ ಹತ್ತಿ ಶಿರಸಿಯ ಸೀಮೆಗೆ ಬಂದಾಗ, ಇಲ್ಲಿನ ನೆಲದ ಬಗ್ಗೆ ಅವನು ಬರೆದದ್ದೆಲ್ಲ ದಾರಿಯಲ್ಲಿ ಕಣ್ಣಿಗೆ ಬಿದ್ದದ್ದೇ. ‘ಲ್ಯಾಟರೈಟ್’ ಎಂಬ ಹೆಸರು 1807ರಲ್ಲಿ ಅಚ್ಚಾದದ್ದು ಅವನಿಂದಲೇ. ಕರಾವಳಿಯವರು ಅದನ್ನು ಚಿರೆಕಲ್ಲೆಂದು ಕಡಿದು ಮನೆ ಕಟ್ಟುತ್ತಿದ್ದುದು ಅದಕ್ಕೂ ಹಿಂದಿನಿಂದ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ‘ಧಾರವಾಡ’ ಎಂಬ ಪ್ರಾಚೀನ ಶಿಲೆಗಳನ್ನು ಗುರುತಿಸಿದ್ದೂ ಕಾಲ್ನಡಿಗೆಯ ಕೆಲಸವೇ. ಕಾಡು ಮತ್ತು ಚಿರೆಕಲ್ಲು ಮುಚ್ಚಿದ ಈ ಜಿಲ್ಲೆಯಲ್ಲಿ ಮೂಲ ಬಂಡೆ ಕಾಣುವುದು ಹಳ್ಳದ ಪಾತ್ರದಲ್ಲಿ, ಕಡಲಂಚಿನಲ್ಲಿ, ಕಲ್ಲುಕ್ವಾರಿಯಲ್ಲಿ. ನಡುವಿನದೆಲ್ಲ ಊಹೆಯ ಗೆರೆ.

ವಿಮಾನದಿಂದ ಅಳೆಯುವ ಕೆಲಸಕ್ಕೆ ದೇಶದಲ್ಲಿ ದೊಡ್ಡ ಚಾಲನೆ ಸಿಕ್ಕಿದ್ದು 1967ರ ಸುಮಾರಿಗೆ, ಅಮೆರಿಕದ ನೆರವಿನ ‘ಆಪರೇಷನ್ ಹಾರ್ಡ್‌ರಾಕ್’ನಿಂದ. ಅಂದಿನ ಹುಡುಕಾಟ ಲೋಹದ ಅದಿರಿನದು. ಕಾಂತಮಾಪಕವು ಮೇಲಿನ ಹೊದಿಕೆಯನ್ನು ದಾಟಿ ಆಳದ ಬಂಡೆಯ ಕಾಂತಗುಣವನ್ನು ಹಿಡಿಯುತ್ತದೆ. ಗಾಮಾ ಕಿರಣಗಳ ಮಾಪಕಕ್ಕಾದರೋ ಮೇಲಿನ ಅರ್ಧ ಮೀಟರಿಗಿಂತ ಕಡಿಮೆ ಆಳದ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮಾತ್ರ ತಿಳಿಯುತ್ತದೆ. ಚಿರೆಕಲ್ಲಿನ ಮೇಲೆ ಅದು ಹೇಳುವುದು ಹೆಚ್ಚಾಗಿ ಮಳೆ ತೊಳೆದ ಕಥೆಯನ್ನೇ.

ಬಂಡೆ, ಇಳಿಜಾರು, ಹಳ್ಳ, ರಸ್ತೆಗಳ ಪದರಗಳನ್ನು ಒಂದರ ಮೇಲೊಂದು ಕೂರಿಸುವ ಗಣಕ-ನಕ್ಷೆಯ ವಿಧಾನ ಜಿಐಎಸ್ ಬಂದ ಮೇಲೆ ಪ್ರಶ್ನೆ ಅದಿರಿನಿಂದ ಕುಸಿತದತ್ತ ಹೊರಳಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 2014ರಲ್ಲಿ ಆರಂಭಿಸಿದ ಭೂಕುಸಿತ ಸಾಧ್ಯತೆಯ ನಕ್ಷೆಗಳ ಪ್ರಮಾಣ 1:50,000, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಇಳಿದಂಥ ಗುಡ್ಡದ ಮೈ ಆ ನಕ್ಷೆಯಲ್ಲಿ ಬೆರಳ ತುದಿಯಡಿ ಅಡಗಿಬಿಡುತ್ತದೆ. ಇಡೀ ತಾಲೂಕಿಗೆ ಎಚ್ಚರಿಕೆ ಹೇಳಬಲ್ಲ ನಕ್ಷೆಯಿಂದ ಒಂದು ಗುಡ್ಡದ ಭವಿಷ್ಯ ಕೇಳುವುದು ನ್ಯಾಯವಲ್ಲ.

ಆ ಗುಡ್ಡಕ್ಕೆ ಬೇಕಾದದ್ದು ಚಿರೆಕಲ್ಲಿನ ಕೆಳಗಿನ ಶೇಡಿಮಣ್ಣಿನ ದಪ್ಪ. ಮಲೆನಾಡಿನ ಹೆಂಗಸರು ಕೆಮ್ಮಣ್ಣಿನ ಗೋಡೆಗೆ ಚಿತ್ತಾರ ಬರೆಯುವ ಶೇಡಿಯೂ ಇದೇ ಬಳಗದ್ದು. ನೀರು ಕುಡಿದರೆ ಬಿಗಿ ಕಳೆದುಕೊಳ್ಳುವ ಮಣ್ಣು. ಅದರ ದಪ್ಪವನ್ನು ಆಕಾಶದಿಂದ ಅಂದಾಜಿಸಲು ಹೆಲಿಕಾಪ್ಟರಿಗೆ ತೂಗುಹಾಕಿದ ವಿದ್ಯುತ್ಕಾಂತೀಯ ಸುರುಳಿ ಬೇಕು: ಒದ್ದೆ ಜೇಡಿ ವಿದ್ಯುತ್ತನ್ನು ಹರಿಯಬಿಡುತ್ತದೆ, ಗಟ್ಟಿ ಬಂಡೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಅಂತರ್ಜಲಕ್ಕಾಗಿ ಇಂಥ ಹಾರಾಟ ನಡೆಸಿದೆ. ಅದು ಬಯಲುನಾಡು. ಘಟ್ಟದ ಕಡಿದಾದ ಮೈಯಲ್ಲಿ ಸುರುಳಿಯನ್ನು ನೆಲದಿಂದ ಒಂದೇ ಎತ್ತರದಲ್ಲಿ ಹಿಡಿಯುವುದು ಕಷ್ಟ. ಕಾಳಿ, ಗಂಗಾವಳಿ, ಅಘನಾಶಿನಿಯ ಅಳಿವೆಗಳ ಹತ್ತಿರ ಉಪ್ಪುನೀರು ಕೂಡ ಜೇಡಿಯಂತೆಯೇ ವಿದ್ಯುತ್ ಹರಿಸುವುದರಿಂದ, ಅಲ್ಲಿ ಕೊರೆದು ತೆಗೆದ ಮಣ್ಣಿನೊಂದಿಗೆ ತಾಳೆ ನೋಡದೆ ಯಾವ ಗೆರೆಯನ್ನೂ ನಕ್ಷೆಗೆ ಏರಿಸುವಂತಿಲ್ಲ.