ನನ್ನ ಪ್ರಬಂಧದಿಂದ ಊರಿಗೇನು ಉಪಯೋಗ?

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ನಮ್ಮ ತಾಲೂಕಿನ ಹಳ್ಳಿಗಳಲ್ಲಿ ವೃದ್ಧಾಪ್ಯ ಪಿಂಚಣಿ ಬಗ್ಗೆ ಅಧ್ಯಯನ ಮಾಡಿದ್ದೆ. ಮಾರ್ಕ್ಸ್ ಚೆನ್ನಾಗಿಯೇ ಬಂತು. ಬೈಂಡ್ ಮಾಡಿಸಿದ ಪ್ರತಿ ಕಾಲೇಜಿನ ಲೈಬ್ರರಿಯಲ್ಲಿದೆ. ಆದರೆ ನಾನು ಮಾತನಾಡಿಸಿದ ಅಜ್ಜಿಯರಿಗೆ ಇವತ್ತಿಗೂ ದುಡ್ಡು ಸರಿಯಾಗಿ ಬರುತ್ತಿಲ್ಲ. ಇಂಥ ಸಂಶೋಧನೆಯಿಂದ ನಿಜವಾಗಿ ಏನಾದರೂ ಬದಲಾಗುತ್ತಾ?

ಉತ್ತರ: ಬದಲಾಗುತ್ತದೆ. ಆದರೆ ಲೈಬ್ರರಿಯಲ್ಲಿರುವ ಆ ಪ್ರತಿಯಿಂದಲ್ಲ. ಅದನ್ನು ಬರೆದದ್ದು ಗೈಡ್‌ಗೆ, ಪರೀಕ್ಷಕರಿಗೆ. ತಾಲೂಕು ಕಚೇರಿಯಲ್ಲಿ ಫೈಲು ಮುಂದಕ್ಕೆ ತಳ್ಳುವವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಸ್ಯಾಮ್ಯುಯೆಲ್ ಪಾಲ್. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದವರು, ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿ ಬೆಂಗಳೂರಿಗೆ ಬಂದು ನೆಲೆಸಿದವರು. 1993-94ರಲ್ಲಿ ಅವರು ನಗರದ ಸಾವಿರಕ್ಕೂ ಹೆಚ್ಚು ಮನೆಗಳ ಸಮೀಕ್ಷೆ ಮಾಡಿಸಿದರು. ಕೊಳೆಗೇರಿಗಳಲ್ಲಿ ಬೇರೆಯಾಗಿಯೇ ಕೇಳಿಸಿದರು. ಪ್ರಶ್ನೆಗಳು ಸರಳ. ಕಚೇರಿಗೆ ಎಷ್ಟು ಸಲ ಅಲೆದಿರಿ? ಸಿಬ್ಬಂದಿ ಹೇಗೆ ಮಾತನಾಡಿಸಿದರು? ಕೆಲಸ ಆಯ್ತಾ? ಲಂಚ ಕೊಟ್ಟಿರಾ?

ಸಮೀಕ್ಷೆ ಅಂದರೆ ಇಷ್ಟೇ ಅಲ್ವಾ ಅನ್ನಬಹುದು. ಜಾಣತನ ಇದ್ದದ್ದು ಉತ್ತರಗಳನ್ನು ಜೋಡಿಸಿದ ರೀತಿಯಲ್ಲಿ. ‘ಬೆಂಗಳೂರಿನ ನಾಗರಿಕ ಸೇವೆಗಳು ಅತೃಪ್ತಿಕರ’ ಎಂದು ಒಟ್ಟಾರೆ ಬರೆದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವರು ಮಕ್ಕಳ ಮಾರ್ಕ್ಸ್ ಕಾರ್ಡಿನ ಹಾಗೆ ಪ್ರತಿ ಸಂಸ್ಥೆಗೂ ಬೇರೆ ಬೇರೆ ಅಂಕ ಕೊಟ್ಟು ಪಕ್ಕಪಕ್ಕ ಇಟ್ಟರು. ನೀರಿನ ಮಂಡಳಿ, ವಿದ್ಯುತ್ ಮಂಡಳಿ, ಪಾಲಿಕೆ ಎಲ್ಲವೂ ಪಟ್ಟಿಯಲ್ಲಿದ್ದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸೇವೆ ತೃಪ್ತಿ ತಂದಿದೆ ಎಂದವರು ನೂರಕ್ಕೆ ಒಬ್ಬರು ಮಾತ್ರ. ಆ ಸಂಖ್ಯೆ ಪತ್ರಿಕೆಯಲ್ಲಿ ಬಂದ ಮೇಲೆ ‘ವ್ಯವಸ್ಥೆಯೇ ಹೀಗೆ’ ಎಂದು ಕೈಚೆಲ್ಲಲು ಬಿಡಿಎಗೆ ದಾರಿ ಉಳಿಯಲಿಲ್ಲ. ಅದರ ಅಂದಿನ ಮುಖ್ಯಸ್ಥರೇ ಸಮೀಕ್ಷೆ ಮಾಡಿದವರ ಸಹಾಯ ಕೇಳಿದರು.

ಪಾಲ್ ಅಲ್ಲಿಗೇ ನಿಲ್ಲಿಸಲಿಲ್ಲ. 1994ರಲ್ಲೇ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿ, 1999ರಲ್ಲಿ ಮತ್ತೆ ಅಂಕಪಟ್ಟಿ ತಂದರು. ಕೆಲವು ಸೇವೆಗಳು ಸುಧಾರಿಸಿದ್ದವು, ಲಂಚ ಮಾತ್ರ ಕಡಿಮೆಯಾಗಿರಲಿಲ್ಲ. 2003ರ ಮೂರನೇ ಪಟ್ಟಿಯಲ್ಲಿ ದೊಡ್ಡ ಏರಿಕೆ ಕಂಡಿತು. ಅದರ ಶ್ರೇಯಸ್ಸೆಲ್ಲ ಸಮೀಕ್ಷೆಗೇ ಕೊಡಲು ನಾನು ಒಪ್ಪುವುದಿಲ್ಲ. ನಡುವೆ ಎಸ್.ಎಂ. ಕೃಷ್ಣ ಸರ್ಕಾರ ನಗರದ ಸೇವೆಗಳನ್ನು ಸುಧಾರಿಸಲು ಬೆಂಗಳೂರು ಕಾರ್ಯಪಡೆ ರಚಿಸಿತ್ತು, ಒಳಗಿನಿಂದಲೂ ಒತ್ತಡ ಇತ್ತು. ಆದರೆ ಮತ್ತೆ ಅಳೆಯುತ್ತಾರೆ ಎಂಬ ಅರಿವು ಅಧಿಕಾರಿಗಳಿಗಿತ್ತು. ಒಂದೇ ಸಲ ಬರುವ ವರದಿಯನ್ನು ಅವರು ಕಾದು ಮರೆಸಿಬಿಡುತ್ತಾರೆ.

ಈಗ ನಿಮ್ಮ ಪಿಂಚಣಿಗೆ ಬರೋಣ. ‘ಶೇಕಡಾ ಇಷ್ಟು ಜನರಿಗೆ ಪಿಂಚಣಿ ತಡ’ ಎಂದು ಬರೆದಿರುತ್ತೀರಿ. ಆ ತಡವನ್ನು ಬಿಡಿಸಿ. ಅರ್ಜಿ ಹಾಕಿಯೂ ಮಂಜೂರಾಗದವರು ಯಾರು? ಮಂಜೂರಾಗಿ ಬರುತ್ತಿದ್ದು ನಡುವೆ ನಿಂತವರು ಯಾರು? ಖಾತೆಗೆ ಬಂದರೂ ಹೆಬ್ಬೆಟ್ಟು ಮೆಷಿನ್ ಓದದೆ ಕೈಗೆ ಸಿಗದವರು ಯಾರು? ಮೊದಲನೆಯದು ನಾಡಕಚೇರಿ, ತಹಶೀಲ್ದಾರರ ಕೆಲಸ. ಎರಡನೆಯದು ಬಹಳ ಸಲ ಆಧಾರ್ ಜೋಡಣೆಯ ತೊಡಕು. ಮೂರನೆಯದು ಬ್ಯಾಂಕು ಅಥವಾ ಅಂಚೆ ಕಚೇರಿಯದ್ದು. ಮೂರನ್ನೂ ಒಂದೇ ಶೇಕಡಾವಾರಿನಲ್ಲಿ ಸೇರಿಸಿದರೆ ಮೂವರೂ ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ. ಪ್ರತಿ ಕಚೇರಿಗೂ ಒಂದೊಂದು ಪುಟ ಸಾಕು, ಜಾಸ್ತಿ ಬೇಡ. ಸೈದ್ಧಾಂತಿಕ ಹಿನ್ನೆಲೆಯ ಅಧ್ಯಾಯ ಪೂರ್ತಿ ಹೋಗಲಿ, ಅದನ್ನು ಬರೆಯಲು ಎಷ್ಟೇ ನಿದ್ದೆಗೆಟ್ಟಿದ್ದರೂ.

ಆದರೆ ಕಚೇರಿಗೆ ಹೋಗುವ ಮೊದಲು ಅದೇ ಅಜ್ಜಿಯರ ಬಳಿ ಹೋಗಿ. ಬರೆದದ್ದನ್ನು ಓದಿ ಹೇಳಿ. ಇದು ಸುಮ್ನೆ ಸೌಜನ್ಯಕ್ಕಲ್ಲ. ‘ಲಂಚ ಕೊಟ್ಟೆ’ ಎಂದು ನಿಮಗೆ ನಂಬಿ ಹೇಳಿದವರು ಇರುತ್ತಾರೆ. ಪ್ರಬಂಧದಲ್ಲಿ ಹೆಸರು ತೆಗೆದರೆ ಪರೀಕ್ಷಕರಿಗೆ ಗುರುತು ಸಿಗುವುದಿಲ್ಲ. ಊರಿನಲ್ಲಿ ಹಾಗಲ್ಲ. ‘ವಿಧವೆ, 70 ದಾಟಿದವರು, ಪರಿಶಿಷ್ಟ ಜಾತಿ’ ಎಂದರೆ ಚಿಕ್ಕ ಹಳ್ಳಿಯಲ್ಲಿ ಅದು ಯಾರ ಮನೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನೀವು ವರದಿ ಕೊಟ್ಟು ನಿಮ್ಮ ಮನೆಗೆ ಹೋಗುತ್ತೀರಿ. ಮುಂದಿನ ತಿಂಗಳು ಅದೇ ಮಧ್ಯವರ್ತಿಯ ಮುಂದೆ ನಿಲ್ಲಬೇಕಾದವರು ಅವರು. ಲಂಚದ ಲೆಕ್ಕವನ್ನು ಊರುವಾರು ಕೊಡಬೇಡಿ, ಇಡೀ ಹೋಬಳಿಗೆ ಸೇರಿಸಿ ಕೊಡಿ. ಯಾರಾದರೂ ‘ನನ್ನ ಮಾತು ಬೇಡಪ್ಪ’ ಎಂದರೆ ತೆಗೆದುಬಿಡಿ. ಅಂಕಿ ಅಂಶ ಸ್ವಲ್ಪ ತೆಳುವಾಗಲಿ.

ಓದಿ ಹೇಳುವಾಗ ಇನ್ನೊಂದು ಲಾಭವೂ ಇದೆ. ‘ಅದು ಹಂಗಲ್ಲ’ ಎಂದು ಅವರೇ ತಿದ್ದುತ್ತಾರೆ. ನಿಮ್ಮೊಂದಿಗೆ ಯಾರು ಕಚೇರಿಗೆ ಬರುತ್ತಾರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ರಾಜಸ್ಥಾನದಲ್ಲಿ ಕೂಲಿಗಳ, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನಸುನವಾಯಿಗಳು, ಅಂದರೆ ಬಹಿರಂಗ ವಿಚಾರಣೆಗಳು, ನಡೆದದ್ದು ಹಾಗೆಯೇ. ಕಾಮಗಾರಿಯ ಲೆಕ್ಕವನ್ನು ಊರವರ ಎದುರು ಗಟ್ಟಿಯಾಗಿ ಓದುತ್ತಿದ್ದರು. ಅಲ್ಲಿ ಹೆಸರಿದ್ದ ಕೂಲಿಗಳೇ ಎದ್ದುನಿಂತು ಹೌದು, ಇಲ್ಲ ಎನ್ನುತ್ತಿದ್ದರು. ದೇಶಕ್ಕೆ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬರಲು ಆ ಸಭೆಗಳು ದೊಡ್ಡ ಕಾರಣ.

ನಿಮಗೆ ಆ ಕಾಯ್ದೆ ಕೈಯಲ್ಲೇ ಇದೆ. ನಿಮ್ಮ ಹೋಬಳಿಯಲ್ಲಿ ಎಷ್ಟು ಪಿಂಚಣಿ ಅರ್ಜಿ ಬಾಕಿ, ಎಷ್ಟು ನಿಲ್ಲಿಸಲಾಗಿದೆ, ಯಾವ ಕಾರಣಕ್ಕೆ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆ ಅಂಕಿಯನ್ನು ನಿಮ್ಮ ಅಂಕಿಯ ಪಕ್ಕ ಇಡಿ. ಪಿಂಚಣಿ ಅದಾಲತ್ (ಪಿಂಚಣಿ ದೂರು, ಅರ್ಜಿಗಳನ್ನು ವಿಚಾರಿಸುವ ಸಭೆ) ಯಾವಾಗ ಎಂದು ನಾಡಕಚೇರಿಯಲ್ಲಿ ವಿಚಾರಿಸಿ, ದಾಖಲೆ ಸರಿಯಿರುವ ನಾಲ್ಕೈದು ಜನರನ್ನು ಕರೆದುಕೊಂಡು ಹೋಗಿ. ಆರು ತಿಂಗಳ ನಂತರ ಅದೇ ಮನೆಗಳಿಗೆ ಮತ್ತೆ ಹೋಗುತ್ತೀರಿ ಎಂದು ತಹಶೀಲ್ದಾರರಿಗೆ ಕೊಡುವ ಪತ್ರದಲ್ಲೇ ಬರೆಯಿರಿ. ಆಮೇಲೆ ನಿಜವಾಗಿ ಹೋಗಿ.