ಕಿಲೋಮೀಟರಿಗೆ ಹದಿನೈದೇ ಸೆಕೆಂಡ್ ಬೇಗ ಓಡಿದರೆ ಕಾಲು ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು 10ಕೆ (10 ಕಿ.ಮೀ.) ಓಟವನ್ನು ಕಿಲೋಮೀಟರಿಗೆ 4:45ರ (4 ನಿಮಿಷ 45 ಸೆಕೆಂಡ್) ಪೇಸ್‌ನಲ್ಲಿ ಹೇಗೋ ಮುಗಿಸುತ್ತೇನೆ. 4:30ಕ್ಕೆ ಹೋದರೆ ನಾಲ್ಕನೇ ಕಿಲೋಮೀಟರಿಗೇ ಕಾಲು ಎದ್ದೇಳುವುದಿಲ್ಲ. ಬರೀ ಹದಿನೈದು ಸೆಕೆಂಡ್ ತಾನೆ? ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣವಾ?

ಉತ್ತರ: ಮೊದಲು ಲ್ಯಾಕ್ಟಿಕ್ ಆಸಿಡ್ ವಿಷಯ ಮುಗಿಸಿಬಿಡೋಣ. 1907ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯು ದಣಿದಾಗ ಅದರಲ್ಲಿ ಈ ಆಸಿಡ್ ಹೆಚ್ಚುವುದನ್ನು ತೋರಿಸಿದರು. ಸಿಕ್ಕಿಬಿದ್ದವನೇ ಕಳ್ಳ ಎಂದು ಎಲ್ಲರೂ ನಂಬಿದರು. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿ ಜಾರ್ಜ್ ಬ್ರೂಕ್ಸ್ ಬೇರೆಯೇ ಚಿತ್ರ ಕೊಟ್ಟರು. ಲ್ಯಾಕ್ಟೇಟ್ (ದೇಹದೊಳಗೆ ಈ ಆಸಿಡ್ ಇರುವ ರೂಪ) ಕಸ ಅಲ್ಲ, ಇಂಧನ. ಒಂದು ಸ್ನಾಯು ಬಿಟ್ಟದ್ದನ್ನು ಹೃದಯವೂ ಬೇರೆ ಸ್ನಾಯುಗಳೂ ಉರಿಸಿಕೊಳ್ಳುತ್ತವೆ. ಓಟ ಮುಗಿದ ಸುಮಾರು ಒಂದು ಗಂಟೆಯಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನದ ಮೈಕೈ ನೋವಿಗೂ ಅದಕ್ಕೂ ಸಂಬಂಧವಿಲ್ಲ, ಜಿಮ್‌ನಲ್ಲಿ ಯಾರು ಏನೇ ಹೇಳಲಿ.

ಹಾಗಾದರೆ ಆಗುವುದೇನು? ನಿಮ್ಮ 4:45 ಮತ್ತು 4:30ರ ನಡುವೆ ಎಲ್ಲೋ ಒಂದು ಗೆರೆ ಇದೆ. ಅದಕ್ಕೆ ಕ್ರಿಟಿಕಲ್ ಸ್ಪೀಡ್ ಎನ್ನುತ್ತಾರೆ. ಗೆರೆಯ ಕೆಳಗೆ ಓಡುವಾಗ ದೇಹ ಎಳೆದುಕೊಳ್ಳುವ ಆಮ್ಲಜನಕ ಕೆಲವು ನಿಮಿಷದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗೆರೆ ದಾಟಿದರೆ ನಿಲ್ಲುವುದೇ ಇಲ್ಲ. ವೇಗ ಅಷ್ಟೇ ಇದ್ದರೂ ಆಮ್ಲಜನಕದ ಬೇಡಿಕೆ ಏರುತ್ತಲೇ ಹೋಗಿ ನಿಮ್ಮ ಗರಿಷ್ಠ ಮಿತಿ ಮುಟ್ಟುತ್ತದೆ. ಸ್ನಾಯುವಿನೊಳಗೆ ಫಾಸ್ಫೇಟ್ ಮತ್ತು ಆಮ್ಲೀಯತೆ ಕೂಡಿಕೊಳ್ಳುತ್ತವೆ. ಎಳೆಗಳು ಹಿಡಿತ ಕಳೆದುಕೊಳ್ಳುತ್ತವೆ, ಅದೇ ಹೆಜ್ಜೆಗೆ ಇನ್ನಷ್ಟು ಖರ್ಚು ಬೀಳುತ್ತದೆ. ಅಂದರೆ 4:30 ಎನ್ನುವುದು 4:45ಕ್ಕಿಂತ ಸ್ವಲ್ಪ ಕಷ್ಟದ ಓಟವಲ್ಲ, ದೇಹಕ್ಕೆ ಅದು ಬೇರೆಯೇ ಕೆಲಸ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಮಜವಾಗಿದೆ. ಒಬ್ಬರು ಪೂರ್ತಿ ಜೋರಿನಲ್ಲಿ 1 ಕಿ.ಮೀ.ಯನ್ನು 4 ನಿಮಿಷಕ್ಕೆ, ಬೇರೊಂದು ದಿನ 3 ಕಿ.ಮೀ.ಯನ್ನು 13 ನಿಮಿಷ 20 ಸೆಕೆಂಡಿಗೆ ಓಡಿದರು ಅಂದುಕೊಳ್ಳಿ. ದೂರದ ವ್ಯತ್ಯಾಸ 2000 ಮೀಟರ್, ಸಮಯದ ವ್ಯತ್ಯಾಸ 560 ಸೆಕೆಂಡ್. ಭಾಗಿಸಿದರೆ ಕಿಲೋಮೀಟರಿಗೆ 4:40. ಇದೇ ಅವರ ಗೆರೆ. ಈ ವೇಗದಲ್ಲಿ 4 ನಿಮಿಷಕ್ಕೆ 857 ಮೀಟರ್ ಮಾತ್ರ ಆಗುತ್ತದೆ, ಅವರು ಓಡಿದ್ದು 1000. ಆ ಹೆಚ್ಚುವರಿ 143 ಮೀಟರ್ ಅವರ ಗಂಟು. ಗೆರೆ ದಾಟಿ ಓಡಿದಷ್ಟು ಹೊತ್ತೂ ಅದು ಕರಗುತ್ತದೆ.

4:30ರಲ್ಲಿ ಹೊರಟರೆ ಈ ಗಂಟು ಸರಿಯಾಗಿ 18 ನಿಮಿಷಕ್ಕೆ ಖಾಲಿ. ಅಷ್ಟರಲ್ಲಿ ಓಡಿದ ದೂರ? ನಾಲ್ಕು ಕಿಲೋಮೀಟರ್! ನಿಮ್ಮ ಅನುಭವವೂ ಅದೇ ಅಲ್ವಾ? ಯಾರನ್ನೋ ಹಿಂದೆ ಹಾಕಲು ಅರ್ಧ ನಿಮಿಷ 4:00ಕ್ಕೆ ಹಾರಿದರೆ 18 ಮೀಟರ್ ಹೋಯಿತು, ಎಂಟನೇ ಒಂದು ಭಾಗ. ಅದನ್ನು ಮತ್ತೆ ತುಂಬಿಕೊಳ್ಳಬೇಕಾದರೆ 4:40ಕ್ಕಿಂತ ನಿಧಾನವಾಗಲೇಬೇಕು. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಟದಲ್ಲಿ ಶುರುವಿನ ಗುಂಪಿನಲ್ಲಿ ಜನರನ್ನು ದಾಟುತ್ತಾ ಸುಮ್ನೆ ಖರ್ಚು ಮಾಡುವವರೇ ಜಾಸ್ತಿ.

ಈ ಲೆಕ್ಕ ಕೆಲವು ನಿಮಿಷದಿಂದ ಅರ್ಧ ಗಂಟೆವರೆಗಿನ ಓಟಕ್ಕೆ ಚೆನ್ನಾಗಿ ಕೂರುತ್ತದೆ. ಮ್ಯಾರಥಾನ್‌ಗೆ ಕೂರುವುದಿಲ್ಲ. ಅಲ್ಲಿ 30 ಕಿ.ಮೀ. ಆಸುಪಾಸಿನಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಬರಿದಾಗುವುದು ದೊಡ್ಡ ತೊಂದರೆ. ಎರಡು ಗಂಟೆ ಓಡಿದ ಮೇಲೆ ಗೆರೆಯೇ ಕೆಳಗೆ ಜಾರಿರುತ್ತದೆ. ಬಿಸಿಲೂ ಅದನ್ನು ಜಗ್ಗುತ್ತದೆ. ಹಾಗಾಗಿ ನಿಮ್ಮ ಗೆರೆ ತಿಳಿಯಬೇಕಾದರೆ 1 ಕಿ.ಮೀ. ಮತ್ತು 3 ಕಿ.ಮೀ.ಯ ಆ ಎರಡು ಓಟಗಳನ್ನು ಒಂದೇ ಟ್ರ್ಯಾಕಿನಲ್ಲಿ, ಒಂದೇ ಹೊತ್ತಿನಲ್ಲಿ, ನಡುವೆ ಎರಡು ದಿನ ಬಿಟ್ಟು ಮಾಡಿ. ವಾಚ್ ಅಂದಾಜಿನಲ್ಲಿ ತೋರಿಸುವ ಥ್ರೆಶೋಲ್ಡ್‌ (ಮಿತಿಯ ವೇಗ)ಗಿಂತ ನಾನು ಇದನ್ನೇ ನಂಬುತ್ತೇನೆ.