ಆಪರೇಷನ್‌ನಲ್ಲಿ ಏನೇನು ತೆಗೆದರು, ಕೇಳಿದ್ದೀರಾ?

ನಮ್ಮ ಹಾವೇರಿ ಕಡೆ ಗರ್ಭಚೀಲದ ಆಪರೇಷನ್‌ಗೂ ಒಂದು ಸೀಸನ್ ಇದೆ. ಗೋವಿನಜೋಳ, ಹತ್ತಿ ಮನೆ ಸೇರಿರಬೇಕು, ಮುಂಗಾರಿಗೆ ಇನ್ನೂ ಟೈಮ್ ಇರಬೇಕು. "ಮಕ್ಕಳಾದ್ವು, ಇನ್ಯಾಕ ಬೇಕ್ರಿ ಅದು? ತಗದ್ ಬಿಡ್ರಿ" ಅಂತ ಬರುತ್ತಾರೆ. ಬಿಳಿ ಸೆರಗಿಗೂ ಅದೇ ಮಾತು, ಸೊಂಟ ನೋವಿಗೂ ಅದೇ ಮಾತು. ಬಿಳಿ ಸೆರಗು ಬಹಳ ಸಲ ಮಾತ್ರೆಗೇ ಹೋಗುತ್ತದೆ. ಗರ್ಭಚೀಲದ ಗಡ್ಡೆಗಳೂ ಎಷ್ಟೋ ಸಲ ಮುಟ್ಟು ನಿಲ್ಲುವ ವಯಸ್ಸಿಗೆ ತಾವೇ ಸಣ್ಣಗಾಗುತ್ತವೆ. ಅದರ ಜಗಳ ಇನ್ನೊಮ್ಮೆ ಆಡೋಣ.

ಇವತ್ತು ಹೇಳಬೇಕಾದ್ದು ಆಗಲೇ ತೆಗೆಸಿಕೊಂಡವರಿಗೆ.

ಮೊನ್ನೆ ಬ್ಯಾಡಗಿಯಿಂದ ಒಬ್ಬಾಕೆ ಬಂದಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ವಯಸ್ಸು ನಲವತ್ತೂ ಆಗಿಲ್ಲ. ರಾತ್ರಿ ಇದ್ದಕ್ಕಿದ್ದಂತೆ ಮೈ ಉರಿ, ಬೆವರು, ನಿದ್ದೆ ಇಲ್ಲ.

"ಆಪರೇಷನ್ ಆಗೇತೇನು ತಂಗಿ?"

"ಆಗೇತ್ರಿ ಅಕ್ಕಾರ."

"ಅಂಡಾಶಯ ಬಿಟ್ಟಾರೋ, ತಗದಾರೋ?"

"ಎಲ್ಲಾ ತಗದಾರ್ರಿ."

ಎಲ್ಲಾ ಅಂದರೆ ಏನು? ಆಕೆಗೆ ಗೊತ್ತಿಲ್ಲ. ಜೊತೆಗೆ ಬಂದಿದ್ದ ಗಂಡನನ್ನು ಕೇಳಿದೆ. ಆತನಿಗೆ ಖರ್ಚಾದ ದುಡ್ಡಿನ ಲೆಕ್ಕ ಪೈಸೆ ಸಮೇತ ನೆನಪಿತ್ತು. ಫೈಲ್ ಮಾತ್ರ ಎಲ್ಲೋ ಹೋಗಿತ್ತು.

ನೋಡಿ, ಗರ್ಭಚೀಲ ಬೇರೆ, ಅಂಡಾಶಯ ಬೇರೆ. ಮಗು ಬೆಳೆಯುವುದು, ತಿಂಗಳು ತಿಂಗಳು ರಕ್ತ ಬರುವುದು ಚೀಲದಿಂದ. ಅದರ ಎರಡೂ ಪಕ್ಕ ದೊಡ್ಡ ಬಾದಾಮಿಯಷ್ಟು ಇರುವುದು ಅಂಡಾಶಯ. ಹಾರ್ಮೋನ್ ಮಾಡುವುದು ಇದು. ಬರೀ ಚೀಲ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನ್ ಮಾತ್ರ ಇನ್ನೂ ಕೆಲವು ವರ್ಷ ಬರುತ್ತಲೇ ಇರುತ್ತದೆ. ಕೆಲವರಿಗೆ ಸ್ವಲ್ಪ ಬೇಗ ಕಡಿಮೆಯಾಗಬಹುದು, ಅಷ್ಟೇ. ಎರಡೂ ಅಂಡಾಶಯ ತೆಗೆದರೆ ಅದೇ ವಾರ ಹಾರ್ಮೋನ್ ಖಾಲಿ. ಮೂವತ್ತೈದರಲ್ಲಿ ತೆಗೆಸಿಕೊಂಡವಳ ಮೂಳೆ, ಹೃದಯ ಹತ್ತು ಹನ್ನೆರಡು ವರ್ಷ ಮೊದಲೇ ಮುಟ್ಟು ನಿಂತವರ ಸಾಲಿಗೆ ಹೋಗುತ್ತವೆ. ಮತ್ತೆ ಹೇಳುತ್ತೇನೆ, ಇಬ್ಬರಿಗೂ ಮುಟ್ಟು ಬರುವುದಿಲ್ಲ. ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ. ಮುಟ್ಟು ನಿಂತಿದ್ದು ನೋಡಿ ಏನು ತೆಗೆದಿದ್ದಾರೆ ಅಂತ ಹೇಳಲು ಆಗುವುದೇ ಇಲ್ಲ.

ಗೊತ್ತಿದ್ದರೆ ಏನು ಲಾಭ ಅಂತೀರಾ? ನಲವತ್ತೈದರೊಳಗೆ ಎರಡೂ ಅಂಡಾಶಯ ಹೋಗಿದ್ದರೆ ಹಾರ್ಮೋನ್ ಮಾತ್ರೆ ಬೇಕಾ ಅಂತ ಯೋಚಿಸಬೇಕು. ಎಲ್ಲರಿಗೂ ಕೊಡಲು ಬರುವುದಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ನುಂಗುವ ಮಾತ್ರೆಯಂತೂ ಅಲ್ಲವೇ ಅಲ್ಲ. ಇನ್ನು ಕೆಲವರಿಗೆ ಚೀಲ ತೆಗೆದು ಅದರ ಕೊರಳು, ಅಂದರೆ ಕೆಳಗಿನ ಬಾಯಿಯ ಭಾಗ, ಬಿಟ್ಟಿರುತ್ತಾರೆ. ಅವರು ಕೊರಳಿನ ಕ್ಯಾನ್ಸರ್ ತಪಾಸಣೆ ಬಿಡುವ ಹಾಗಿಲ್ಲ. ಅವರೇ "ನನಗ್ಯಾಕ್ರಿ, ಆಪರೇಷನ್ ಆಗೇತಲ್ಲ" ಅಂತ ಕ್ಯಾಂಪ್‌ನಿಂದ ಎದ್ದು ಹೋಗುವುದು!

ಅಂಡಾಶಯ ತೆಗೆದ ಡಾಕ್ಟರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಮನೆತನದಲ್ಲಿ ಅದು ಓಡಿ ಬಂದಿದ್ದರೆ, ಕೆಟ್ಟ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗಂಟು) ಇದ್ದರೆ ತೆಗೆಯಬೇಕಾಗಬಹುದು. ಬೇಡದ ಗರ್ಭಚೀಲದ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಆದರೆ ಯಾವ ಕೋರ್ಟೂ ನಿಮ್ಮ ಟ್ರಂಕಿನಲ್ಲಿ ಫೈಲ್ ಇಟ್ಟು ಹೋಗುವುದಿಲ್ಲ, ಅಲ್ವಾ?

ರಾಣೆಬೆನ್ನೂರಿನ ಒಬ್ಬ ಅಜ್ಜಿ ಡಿಸ್ಚಾರ್ಜ್ ಕಾರ್ಡನ್ನು ಹೊಲದ ಪಹಣಿ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದಳು. ಓದು ಬರುವುದಿಲ್ಲ, ಆದರೂ ಒಂದು ಹಾಳೆ ಬಿಟ್ಟಿರಲಿಲ್ಲ. ಅಂಥವರನ್ನು ಕಂಡರೆ ಎದ್ದು ಕೈ ಮುಗಿಯಬೇಕು ಅನ್ನಿಸುತ್ತದೆ.

ನಿಮ್ಮ ಡಿಸ್ಚಾರ್ಜ್ ಕಾರ್ಡಿನಲ್ಲಿ ಆಪರೇಷನ್ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ 'ಬಿಎಸ್‌ಒ' (BSO) ಅಂತ ಇದ್ದರೆ ಎರಡೂ ಅಂಡಾಶಯ, ಅಂಡನಾಳಗಳ ಸಮೇತ ಹೋಗಿವೆ ಅಂತ ಅರ್ಥ. ತೆಗೆದ ಭಾಗವನ್ನು ಬಯಾಪ್ಸಿಗೆ ಕಳಿಸಿರುತ್ತಾರೆ, ಆ ರಿಪೋರ್ಟೂ ಕೇಳಿ ಇಸ್ಕೊಳ್ಳಿ. ಎರಡರದ್ದೂ ಫೋಟೋ ಮಗಳ ಮೊಬೈಲಿನಲ್ಲಿ ಇರಲಿ. ಫೈಲ್ ಕಳೆದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ ನಕಲು ಕೇಳಿ. ಕೊಡಬೇಕು ಅವರು. ಅಲ್ಲೂ ಸಿಗದಿದ್ದರೆ ಒಂದು ಸ್ಕ್ಯಾನ್, ಬೇಕಿದ್ದರೆ ಒಂದು ರಕ್ತ ಪರೀಕ್ಷೆ. ಬ್ಯಾಡಗಿಯ ಆ ತಂಗಿಗೆ ಈಗ ಅದನ್ನೇ ಬರೆದುಕೊಟ್ಟಿದ್ದೇನೆ.